ಹದಿನೆಂಟು ಗಂಟು

ಹನ್ನೊಂದು ಎಣಿಸುವವರೆಗೆ ಓಡಬೇಕಾಗಿದ್ದ ಯಂತ್ರ ಏಳಕ್ಕೇ ನಿಂತುಬಿಟ್ಟಿತು. ಅಡುಗೆಮನೆಯಲ್ಲಿ ಚಮಚಗಳನ್ನು ಒರೆಸಿ ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದ ಅವಳ ಕೈಯೂ ನಿಂತಿತು. ಗೋಡೆಯಾಚೆ ಶೆಡ್ಡಿನಲ್ಲಿ ಗಂಡ ಏನೂ ಅನ್ನಲಿಲ್ಲ. ಮಂಗಳವಾರ ಬೈದಿದ್ದ, ಬುಧವಾರ ಯಂತ್ರದ ಕಾಲಿಗೆ ಒದ್ದು ತನ್ನ ಹೆಬ್ಬೆರಳನ್ನೇ ನೋಯಿಸಿಕೊಂಡಿದ್ದ, ನಿನ್ನೆ ಒಬ್ಬನೇ ನಿಂತು ದೊಡ್ಡದಾಗಿ ನಕ್ಕಿದ್ದ. ಇವತ್ತು ಅವನು ಸುಮ್ಮನಿರುವುದು ಅವೆಲ್ಲಕ್ಕಿಂತ ಕೆಟ್ಟದೆನಿಸಿತು. ಅದನ್ನು ಮೊದಲಿನ ಜಾಗಕ್ಕೆ ತಂದ ಸದ್ದು, ಮತ್ತೆ ಗುಂಡಿ ಒತ್ತಿದ ಸದ್ದು. ಮತ್ತೆ ಗುಂಯ್ ಎನ್ನುವ ಆ ಸಣ್ಣ ಓಟ. ಒಂದು, ಎರಡು, ಮೂರು. ಈ ಸಲ ಹನ್ನೊಂದರವರೆಗೂ ಹೋಗಿ ಮೂಲೆ ಸೇರಿತು. ಅವಳು ಉಸಿರು ಬಿಟ್ಟಳು, ಆದರೆ ಸಮಾಧಾನವಾಗಲಿಲ್ಲ. ಪೂರ್ತಿ ಕೆಟ್ಟುಹೋಗಿದ್ದರೆ ಒಂದು ರೀತಿ ಚೆನ್ನಾಗಿತ್ತು. ಹೀಗೆ ಒಮ್ಮೆ ಸರಿಯಾಗಿ, ಒಮ್ಮೆ ತಪ್ಪಾಗಿ ನಡೆದುಕೊಳ್ಳುವುದರಲ್ಲಿ ಏನೋ ಮನುಷ್ಯರ ಗುಣವಿತ್ತು. ಅದನ್ನು ನಂಬುವ ಹಾಗೂ ಇರಲಿಲ್ಲ, ಬಿಡುವ ಹಾಗೂ ಇರಲಿಲ್ಲ.

ಮರದ ಹಲಗೆಯ ಮೇಲೆ ಬಳ್ಳಿ ಕೊರೆಯುವುದು ಆ ಯಂತ್ರಕ್ಕೆ ಗೊತ್ತಿತ್ತು, ಅಂಚು ಉರುಟಾಗಿಸುವುದು ಗೊತ್ತಿತ್ತು, ಆದರೆ ಬೆಳಿಗ್ಗೆ ಎದ್ದಾಗ ತಾನು ಎಲ್ಲಿದ್ದೇನೆ ಎಂಬುದು ಮಾತ್ರ ಗೊತ್ತಿರುತ್ತಿರಲಿಲ್ಲ. ಕರೆಂಟು ಹಾಕಿದ ಮೇಲೆ ಅದರ ಅಡ್ಡತೊಲೆ ಮೊದಲು ನಿಧಾನವಾಗಿ ಹಿಂದಕ್ಕೆ ಸರಿದು ಗೋಡೆಯ ಪಕ್ಕದ ಮೂಲೆಗೆ ಹೋಗಬೇಕು. ಅಲ್ಲಿ ಬೆರಳಿನ ಗಾತ್ರದ ಒಂದು ಸೆನ್ಸರ್ ಇದೆ. ತೊಲೆಯ ಕಬ್ಬಿಣದ ತುಂಡು ಅದರ ಎದುರಿಗೆ ಬಂದಾಗ ಸೆನ್ಸರಿನ ಬೆನ್ನ ಮೇಲೆ ಒಂದು ಕೆಂಪು ದೀಪ ಹತ್ತುತ್ತದೆ, ಕಂಪ್ಯೂಟರಿನ ಪರದೆಯ ಮೇಲೆ ಸೊನ್ನೆ ಬೀಳುತ್ತದೆ. ಆ ಸೊನ್ನೆಯಿಂದಲೇ ಆ ದಿನದ ಅಳತೆಯೆಲ್ಲ ಶುರು. ಗಂಡ ಅದನ್ನು ಹೋಮ್ ಎನ್ನುತ್ತಿದ್ದ, ಅವಳೂ ಅತ್ತೆಯೂ ಮೂಲೆ ಎನ್ನುತ್ತಿದ್ದರು. ಮಂಗಳವಾರದಿಂದ ಅದು ದಾರಿಯ ನಡುವೆ ಎಲ್ಲೋ ನಿಂತು, ಮೂಲೆ ಬಂತೆಂದು ಸೊನ್ನೆ ತೋರಿಸತೊಡಗಿತ್ತು. ಮೊದಲ ಸಲ ಗಂಡ ಗಮನಿಸಿರಲಿಲ್ಲ. ಹಾಸ್ಟೆಲ್ಲಿನ ಮಂಚಗಳಿಗೆಂದು ನಲವತ್ತು ತಲೆಹಲಗೆ ಒಪ್ಪಿಕೊಂಡಿದ್ದರು; ಇಪ್ಪತ್ಮೂರನೆಯದರಲ್ಲಿ ಬಳ್ಳಿ ಹಲಗೆಯ ಅಂಚು ದಾಟಿ ಗಾಳಿಗೆ ಹೋಯಿತು. ಇಪ್ಪತ್ನಾಲ್ಕನೆಯದೂ ಹಾಗೇ ಆಯಿತು. ಆ ಎರಡು ಹಲಗೆಗಳನ್ನು ಗಂಡ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ, ತರಗತಿಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ. ಆಮೇಲಿನ ದಿನಗಳಲ್ಲಿ ಅವನು ಹಳಿಗಳಿಗೆ ಎಣ್ಣೆ ಹಾಕಿದ, ಸ್ಕ್ರೂಗಳನ್ನು ಬಿಗಿ ಮಾಡಿದ, ಸೆನ್ಸರಿನ ಮೇಲಿನ ಮರದ ಹುಡಿಯನ್ನು ಊದಿದ, ಕೊನೆಗೆ ಹೊಸ ಸೆನ್ಸರನ್ನೇ ತಂದು ಹಾಕಿದ. ಏನೂ ಬದಲಾಗಲಿಲ್ಲ. ನಿನ್ನೆ ಸಂಜೆ ಅವಳ ತಮ್ಮನಿಗೆ ಫೋನು ಮಾಡಿದ. "ನಾಳೆ ಬಂದು ನೋಡು. ಸರಿ ಆದ್ರೆ ಆಯ್ತು. ಇಲ್ಲಾಂದ್ರೆ ನಾಲ್ಕು ಗಂಟೆಗೆ ಲಾರಿ ಬರತ್ತೆ, ನಿಮ್ಮ ಕಾರ್ಖಾನೆಗೇ ವಾಪಸ್ ಏರಿಸ್ಕೊಂಡು ಹೋಗು." ಆಮೇಲೆ ತಮ್ಮನ ಯಜಮಾನರಿಗೂ ಫೋನು ಮಾಡಿ ಅದನ್ನೇ ಇನ್ನಷ್ಟು ಗೌರವದಿಂದ ಹೇಳಿದ. ಅವಳು ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಎರಡನ್ನೂ ಕೇಳಿಸಿಕೊಂಡಿದ್ದಳು.

ಯಂತ್ರ ತಮ್ಮ ಕೆಲಸ ಮಾಡುವ ಕಾರ್ಖಾನೆಯದು. ಆರು ವರ್ಷ ಅವನೇ ಅದನ್ನು ನಡೆಸಿದ್ದ. ಅವರು ಹೊಸದು ತರಿಸುವಾಗ ಹಳೆಯದನ್ನು ಮಾರುತ್ತಾರೆಂದು ತಿಳಿದು, ಅಲ್ಲಿ ಯಜಮಾನರಿಗೆ "ನಮ್ಮ ಭಾವನ ಮನೆ ಸಾರ್, ನನ್ನ ಜವಾಬ್ದಾರಿ" ಎಂದಿದ್ದ. ಇಲ್ಲಿ ಭಾವನಿಗೆ "ನನ್ನ ಕೈ ಇದ್ದ ಹಾಗೆ ಭಾವ, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದಿದ್ದ. ಮುಂದಿನ ತಿಂಗಳು ಹೊಸ ಯಂತ್ರವನ್ನು ಅವನ ಕೈಗೇ ಒಪ್ಪಿಸುವ ಮಾತಿತ್ತು. ಲಾರಿ ಬಂದು ಹಳೆಯದು ವಾಪಸ್ಸು ಹೋದರೆ ಅವನು ಎರಡೂ ಕಡೆ ಸುಳ್ಳನಾಗುತ್ತಾನೆ. ಇದನ್ನು ಅವಳು ಮೂರು ದಿನದಿಂದ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಮಗಳ ಜಡೆ ಹೆಣೆಯುವಾಗ ಮತ್ತೆ ಮತ್ತೆ ನೆನೆದುಕೊಂಡಿದ್ದಳು. ನೆನೆದಾಗಲೆಲ್ಲ ಅದರ ಹಿಂದೆಯೇ ಇನ್ನೊಂದು ಎದ್ದು ಬರುತ್ತಿತ್ತು, ಅದನ್ನು ಒಳಕ್ಕೆ ತಳ್ಳಿ ಬಾಗಿಲು ಹಾಕುತ್ತಿದ್ದಳು. ಬಟ್ಟೆಯ ಪಟ್ಟಿಯಿಂದ ಯಂತ್ರಕ್ಕೇನು ಆದೀತು? ಅಷ್ಟು ದೊಡ್ಡ ಕಬ್ಬಿಣದ ಯಂತ್ರ. ಒಂದು ಕೊಡೆಯ ಬಟ್ಟೆ.

ಭಾನುವಾರ ಗಂಡ ಎಲ್ಲೋ ಅಳತೆ ತೆಗೆಯಲು ಹೋಗಿದ್ದ, ಸೋಮವಾರವೂ ಅಲ್ಲೇ ಕೆಲಸವಿತ್ತು. ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಮರದ ಹುಡಿ ಆ ಬಾಗಿಲಿನ ಕೆಳಗಿಂದ ನುಸುಳಿ ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ, ಮಗಳ ಪುಸ್ತಕದ ಮೇಲೆ, ಅತ್ತೆಯ ಕನ್ನಡಕದ ಮೇಲೆ ಕೂರುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಯಂತ್ರ ಒರೆಸುವುದು ಅವಳ ಕೆಲಸಗಳಲ್ಲಿ ಸೇರಿಹೋಗಿತ್ತು. ಒರೆಸುವುದೆಂದರೆ ಅವಳಿಗೆ ಬೇಸರವಿರಲಿಲ್ಲ. ಅದರ ಎಲ್ಲ ಸಂದುಗೊಂದುಗಳು ಗಂಡನಿಗಿಂತ ಅವಳ ಬೆರಳಿಗೆ ಚೆನ್ನಾಗಿ ಗೊತ್ತಿದ್ದವು. ಮುಂದಿನ ಕಂಬದ ಮೇಲಿದ್ದ ದೊಡ್ಡ ಕೆಂಪು ಗುಂಡಿಯ ಸುತ್ತ ಮಾತ್ರ ಉಸಿರು ಹಿಡಿದು ಒರೆಸುತ್ತಿದ್ದಳು. ಅದನ್ನು ಒತ್ತಿದರೆ ಎಲ್ಲ ನಿಂತುಹೋಗುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ಅವಳ ಕಣ್ಣಿಗೆ ಚುಚ್ಚುತ್ತಿದ್ದುದು ವೈರುಗಳು. ಯಂತ್ರದ ಹಿಂದೆ ಅವು ಬಾಚದ ತಲೆಯ ಹಾಗೆ ಇಳಿಬಿದ್ದಿದ್ದವು. ಅವುಗಳಲ್ಲೂ ಒಂದು ಸಣ್ಣ ಬೂದುಬಣ್ಣದ ವೈರು, ಉಳಿದವರ ಜೊತೆ ಮಾತು ಬಿಟ್ಟವರಂತೆ, ಬೇರೆಯಾಗಿ, ಬಟ್ಟೆ ಹ್ಯಾಂಗರನ್ನು ಬಗ್ಗಿಸಿ ಮಾಡಿದ ಕೊಕ್ಕೆಗಳ ಮೇಲೆ ಗಾಳಿಯಲ್ಲಿ ಹಾದುಹೋಗಿತ್ತು. ಗುಡಿಸಲು ಹೋದಾಗಲೆಲ್ಲ ಅವಳ ತಲೆಗೆ ತಾಗುತ್ತಿತ್ತು. ಭಾನುವಾರ ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಅವಳು ಮಗಳ ಹರಿದ ಕೊಡೆಯ ಕಪ್ಪು ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಆ ಬೂದು ವೈರನ್ನು ಕೊಕ್ಕೆಗಳಿಂದ ಇಳಿಸಿ, ದಪ್ಪ ವೈರುಗಳ ನಡುವೆ ಸೇರಿಸಿ, ಗೇಣಿಗೊಂದರಂತೆ ಹದಿನೆಂಟು ಗಂಟು ಹಾಕಿದಳು. ತುದಿಗಳು ಹೊರಗೆ ಇಣುಕದ ಹಾಗೆ ಒಳಕ್ಕೆ ಸಿಕ್ಕಿಸಿದಳು. ಎದ್ದು ನಿಂತು ನೋಡಿದರೆ ಹೆಣೆದ ಜಡೆಯ ಹಾಗಿತ್ತು. ಸೋಮವಾರ ರಾತ್ರಿ ಬಂದ ಗಂಡ ಮಂಗಳವಾರ ಬೆಳಿಗ್ಗೆ ಶೆಡ್ಡಿಗೆ ಹೋದ, ಯಂತ್ರದ ಸುತ್ತ ಎರಡು ಸುತ್ತು ಬಂದ, ಏನೂ ಕಾಣಲಿಲ್ಲ. ಅವಳಿಗೆ ಸ್ವಲ್ಪ ನೋವಾಯಿತು. ಹದಿನಾಲ್ಕು ವರ್ಷದಲ್ಲಿ ಅವಳು ಚೊಕ್ಕಟ ಮಾಡಿದ್ದು ಯಾವುದೂ ಅವನಿಗೆ ಕಂಡದ್ದಿಲ್ಲ; ಕೊಳೆಯಾದದ್ದು ಮಾತ್ರ ಕಾಣುತ್ತಿತ್ತು. ಅದೇ ದಿನ ಮಧ್ಯಾಹ್ನ ಇಪ್ಪತ್ಮೂರನೆಯ ಹಲಗೆ ಹಾಳಾಯಿತು. ಅವನಿಗೆ ಕಾಣದಿದ್ದುದೇ ಒಳ್ಳೆಯದಾಯಿತು ಎಂದು ಆಗ ಅವಳಿಗೆ ಅನಿಸಿದ್ದು ಒಂದು ಕ್ಷಣ ಮಾತ್ರ. ಆ ಕ್ಷಣ ಮುಗಿಯದೆ ಶುಕ್ರವಾರದವರೆಗೂ ಬಂದಿತ್ತು.

"ನಿನ್ನ ತಮ್ಮ ಬರ್ತಾನಂತಲ್ಲ," ಎಂದರು ಅತ್ತೆ, ಶೆಡ್ಡಿನ ಬಾಗಿಲಲ್ಲಿ ಮಣೆ ಹಾಕಿಕೊಂಡು ಬಟಾಣಿ ಸುಲಿಯುತ್ತ. ಅವರು ಯಂತ್ರಕ್ಕೆ ಹೊಸ ಸೊಸೆ ಎಂದು ಹೆಸರಿಟ್ಟಿದ್ದರು. "ಎರಡು ತಿಂಗಳಾಯ್ತು ನಮ್ಮ ಹೊಸ ಸೊಸೆ ಬಂದು. ಇನ್ನೂ ಮೂಲೆ ಯಾವ್ದು ನಡುಮನೆ ಯಾವ್ದು ಗೊತ್ತಾಗಲ್ಲ ಅಂದ್ರೆ! ನೀನಾದ್ರೂ ವಾಸಿ, ಮೂರೇ ದಿನಕ್ಕೆ ಉಪ್ಪಿನ ಡಬ್ಬಿ ಕಂಡುಹಿಡಿದೆ."

"ಅತ್ತೆ, ಸುಮ್ನಿರಿ. ಅವನ ಎದುರಿಗೆ ಹಾಗೆಲ್ಲ ಅನ್ಬೇಡಿ."

"ನಾನೇನು ಅವನನ್ನ ಅಂದ್ನಾ? ಸೊಸೇನ ಅಂದೆ. ತವರಿನವರು ಹೇಳಿ ಕಳಿಸ್ಬೇಕಿತ್ತು, ಅಷ್ಟೆ."

ತಮ್ಮ ಬಂದಾಗ ಹತ್ತೂವರೆ. ಅವನು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಅವೆರಡನ್ನೂ ಸಮನಾಗಿ ಜೋಡಿಸಿ, ಉಪಕರಣದ ಚೀಲವನ್ನು ಎದೆಗೆ ಅವುಚಿಕೊಂಡು ಒಳಗೆ ಬಂದ. ಮೂವತ್ತೈದು ದಾಟಿದ್ದರೂ ಭಾವನ ಎದುರಿಗೆ ಬಂದರೆ ಅವನ ಹೆಗಲು ಸ್ವಲ್ಪ ಒಳಕ್ಕೆ ಸರಿಯುತ್ತಿತ್ತು. "ಹೇಗಿದೀಯಕ್ಕಾ" ಎಂದ. "ಕಾಫಿ ಕುಡೀತೀಯಾ?" ಎಂದಳು. "ಆಮೇಲೆ" ಎಂದ. ಆ ಆಮೇಲೆ ಎಂಬುದು ಅವಳಿಗೆ ಚುಚ್ಚಿತು. ಕೆಲಸ ಆದರೆ ಕುಡಿಯುತ್ತೇನೆ, ಇಲ್ಲದಿದ್ದರೆ ಅದಕ್ಕೆ ನಾನು ಯೋಗ್ಯನಲ್ಲ ಎಂದಂತಿತ್ತು.

"ಬಾರಪ್ಪ," ಎಂದ ಗಂಡ, ಸ್ಟೂಲಿನಿಂದ ಏಳದೆ. "ನೋಡು ನಿನ್ನ ಕೈಯನ್ನ. ಕಣ್ಣು ಮುಚ್ಕೊಂಡು ತಗೊಳ್ಳಿ ಅಂದೆ, ತಗೊಂಡೆ. ಈಗ ಕಣ್ಣು ಬಿಟ್ಟು ಕೂತಿದೀನಿ. ನಿಮ್ಮ ಕಾರ್ಖಾನೆಯವರು ಗುಜರಿಗೆ ಹಾಕೋದನ್ನ ನಮ್ಮನೆಗೆ ಹಾಕಿದ್ರಾ?"

"ಒಂದ್ಸಲ ಓಡಿಸಿ ತೋರ್ಸಿ ಭಾವ."

ಗಂಡ ಗುಂಡಿ ಒತ್ತಿದ. ಯಂತ್ರ ಹನ್ನೊಂದರವರೆಗೂ ನೀಟಾಗಿ ಹೋಗಿ ಮೂಲೆ ಸೇರಿತು. ಗಂಡ ಹಲ್ಲು ಕಚ್ಚಿದ. "ನಿನ್ನ ನೋಡಿ ಹೆದರಿಕೊಂಡಿದೆ. ಇನ್ನೊಂದ್ಸಲ ನೋಡು." ಎರಡನೆಯ ಸಲ ಒಂಬತ್ತಕ್ಕೆ ನಿಂತಿತು, ಮೂರನೆಯ ಸಲ ನಾಲ್ಕಕ್ಕೆ. ತಮ್ಮ ತಲೆಯಾಡಿಸಿದ. ಚೀಲ ಬಿಚ್ಚಿ ನೆಲದ ಮೇಲೆ ಒಂದು ಬಿಳಿ ಕಾಗದ ಹರಡಿದ. ತೆಗೆದ ಪ್ರತಿಯೊಂದು ಸ್ಕ್ರೂವನ್ನೂ ಆ ಕಾಗದದ ಮೇಲೆ ತೆಗೆದ ಕ್ರಮದಲ್ಲೇ ಇಟ್ಟು, ಪಕ್ಕದಲ್ಲಿ ಪೆನ್ಸಿಲಿನಿಂದ ಎಲ್ಲಿಯದೆಂದು ಬರೆದ. ಅವನು ಹಾಗೆಯೇ, ಏನನ್ನೂ ಕಳೆಯುವವನಲ್ಲ. ಕಾರ್ಖಾನೆಯಲ್ಲಿ ಅವನನ್ನು ಬೀಗದ ಕೈ ಎಂದು ಕರೆಯುತ್ತಾರಂತೆ. ಹುಟ್ಟಿನಿಂದ ಹಾಗಿರಲಿಲ್ಲ. ಅವನು ಹಾಗಾದ ದಿನ ಅವಳಿಗೆ ಗೊತ್ತು. ಪರೀಕ್ಷೆಯ ಹಿಂದಿನ ಸಂಜೆ ಅವನ ಪುಸ್ತಕಗಳೆಲ್ಲ ಕಿವಿ ಮಡಚಿ ಬಿದ್ದಿರುವುದನ್ನು ನೋಡಲಾಗದೆ ಅವಳು ಕಂದು ಕಾಗದ ತಂದು ಒಂದೊಂದಕ್ಕೂ ಹೊದಿಕೆ ಹಾಕಿದಳು. ಬೆಳಿಗ್ಗೆ ಹಾಲ್ ಟಿಕೆಟ್ ಇರಲಿಲ್ಲ. ಹಾಸಿಗೆ ಕೊಡವಿದರು, ಕಪಾಟು ತಲೆಕೆಳಗು ಮಾಡಿದರು. ಅಪ್ಪ ಹೊಡೆಯಲಿಲ್ಲ, "ಜವಾಬ್ದಾರಿ ಅನ್ನೋದು ಹುಟ್ಟಿನಿಂದ ಬರ್ಬೇಕು" ಎಂದಷ್ಟೇ ಹೇಳಿ ಪೇಪರು ಓದತೊಡಗಿದರು. ಅವನು ಸೈಕಲ್ಲಿನಲ್ಲಿ ಓಡಿ, ಹೆಡ್‌ಮಾಸ್ಟರ ಸಹಿ ಹಾಕಿಸಿಕೊಂಡು ಒಳಗೆ ಹೋಗುವಾಗ ನಲವತ್ತು ನಿಮಿಷ ಕಳೆದಿತ್ತು. ಎರಡು ದಿನ ಬಿಟ್ಟು ಭೂಗೋಳದ ಪುಸ್ತಕ ಎತ್ತಿಡುವಾಗ ಹೊದಿಕೆಯ ಒಳಗೆ ಏನೋ ದಪ್ಪಗೆ ತಾಗಿತು. ಅವಳು ಅದನ್ನು ಬಿಡಿಸಿ ನೋಡಿ, ಒಲೆಯ ಉರಿಗೆ ಹಿಡಿದು, ಬೂದಿಯನ್ನು ಒರೆಸಿ ತೆಗೆದಳು. ಒಲೆ ಫಳಫಳ ಹೊಳೆಯುವ ಹಾಗೆ ಒರೆಸಿದಳು. ಅಪ್ಪ ತೀರಿಕೊಳ್ಳುವವರೆಗೂ ಏನು ಕಳೆದರೂ "ಅವನನ್ನ ಕೇಳಿ" ಎನ್ನುತ್ತಿದ್ದರು. ತಮ್ಮ ಎದ್ದು ಹುಡುಕಲು ಹೋಗುತ್ತಿದ್ದ.

"ಹೊಸ ಸೆನ್ಸರ್ ಹಾಕಿದೀರಲ್ಲ, ಒಳ್ಳೇದೇ ಇದೆ," ಎಂದ ತಮ್ಮ. ಅಡ್ಡತೊಲೆಯನ್ನು ದೂರ ನಿಲ್ಲಿಸಿ, ಒಂದು ಕಬ್ಬಿಣದ ಸ್ಕೇಲನ್ನು ಸೆನ್ಸರಿನ ಮುಂದೆ ಹಿಡಿದ. ಕೆಂಪು ದೀಪ ಹತ್ತಿತು. ತೆಗೆದ, ಆರಿತು. "ಅಕ್ಕಾ, ನೀನು ಪರದೆ ನೋಡ್ತಿರು. ಅಲ್ಲೊಂದು ಹಸಿರು ಚುಕ್ಕೆ ಇದೆ. ಹತ್ತಿದಾಗ ಹೇಳು." ಅವಳು ಸೆರಗಿಗೆ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ನಿಂತಳು. "ಹತ್ತಿತು," ಎಂದಳು. "ಆರಿತು." "ಹತ್ತಿತು." ಚಿಕ್ಕಂದಿನಲ್ಲಿ ಅವನಿಗೆ ಮಗ್ಗಿ ಹೇಳಿಸುತ್ತಿದ್ದ ಹಾಗಿತ್ತು. ಆಮೇಲೆ ಅವನು ತೊಲೆಯನ್ನು ಓಡಿಸಿ, ತಾನು ಸೆನ್ಸರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೆಂಪು ದೀಪವನ್ನೇ ನೋಡತೊಡಗಿದ. ಐದು ಎಣಿಸುವಷ್ಟರಲ್ಲಿ ಪರದೆಯ ಚುಕ್ಕೆ ಮಿಣುಕಿತು, ಯಂತ್ರ ನಿಂತಿತು. "ಹತ್ತಿತು," ಎಂದಳು ಸಣ್ಣ ದನಿಯಲ್ಲಿ.

"ಇಲ್ಲಿ ಹತ್ತಿಲ್ಲ," ಎಂದ ತಮ್ಮ. "ಭಾವ, ನೋಡಿ. ಸೆನ್ಸರ್ ಬಾಯೇ ಬಿಟ್ಟಿಲ್ಲ. ಕಂಪ್ಯೂಟರಿಗೆ ಮಾತ್ರ ಯಾರೋ ಕೂಗಿದ ಹಾಗೆ ಕೇಳಿಸ್ತಿದೆ."

"ಅಂದ್ರೆ ಕಂಪ್ಯೂಟರ್ ಹೋಗಿದೆ."

"ನೋಡೋಣ." ಅವನು ಕೊರೆಯುವ ಮೋಟರನ್ನು ಹೊತ್ತು ತೊಲೆಯ ಮೇಲೆ ಎಡಬಲಕ್ಕೆ ಓಡುವ ಗಾಡಿಯ ಸೆನ್ಸರನ್ನು ಬಿಚ್ಚಿ ಇಲ್ಲಿಗೆ ಹಾಕಿದ, ಇಲ್ಲಿಯದನ್ನು ಅಲ್ಲಿಗೆ ಹಾಕಿದ. ಗಾಡಿ ಎಂದಿನಂತೆ ತನ್ನ ಮೂಲೆಗೆ ಹೋಯಿತು. ತೊಲೆ ಎಂದಿನಂತೆ ನಡುದಾರಿಯಲ್ಲಿ ನಿಂತಿತು. ಕಂಪ್ಯೂಟರಿನ ಹತ್ತಿರ ಎರಡರ ವೈರುಗಳನ್ನೂ ಅದಲುಬದಲು ಮಾಡಿದ. ಚುಕ್ಕೆ ಈಗ ಬೇರೆ ಜಾಗದಲ್ಲಿ ಮಿಣುಕಿತು. ಅವಳು ಎಲ್ಲವನ್ನೂ ನೋಡುತ್ತಿದ್ದಳು. ಒಂದೊಂದಾಗಿ ಎಲ್ಲರೂ ತಪ್ಪಿಲ್ಲದವರಾಗಿ ಹೊರಗೆ ಬರುತ್ತಿದ್ದರು. ಹೊಸ ಸೆನ್ಸರ್ ಅಲ್ಲ, ಹಳೆಯದಲ್ಲ, ಕಂಪ್ಯೂಟರಲ್ಲ, ಮೋಟರಲ್ಲ. ಆ ಕಡೆಗೂ ಈ ಕಡೆಗೂ ನಡುವೆ ಉಳಿದದ್ದು ಒಂದೇ. ಈಗ ಹೇಳಬಹುದಿತ್ತು. ಒಂದು ಮಾತು, ಸಾರಿಗೆ ಉಪ್ಪು ಹಾಕಿದ್ದೀನೋ ಇಲ್ಲವೋ ನೋಡಿ ಎನ್ನುವಷ್ಟೇ ಸುಲಭವಾಗಿ: ಭಾನುವಾರ ನಾನು ಆ ವೈರು ಮುಟ್ಟಿದ್ದೆ ಕಣೋ. ಆದರೆ ಮಂಗಳವಾರ ಸುಲಭವಿದ್ದ ಮಾತು ಬುಧವಾರ ಸ್ವಲ್ಪ ದಪ್ಪಗಾಗಿತ್ತು, ಗುರುವಾರ ಗಂಟಲಿಗಿಂತ ದೊಡ್ಡದಾಗಿತ್ತು. "ಕಾಫಿ ಮಾಡ್ತೀನಿ," ಎಂದು ಒಳಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು.

ಹಿಂದಿರುಗಿ ಬಂದಾಗ ತಮ್ಮ ಚೀಲದಿಂದ ಹೊಸ ವೈರಿನ ಸುರುಳಿ ತೆಗೆದು, ಸೆನ್ಸರಿನಿಂದ ಕಂಪ್ಯೂಟರಿಗೆ ನೆಲದ ಮೇಲೆಯೇ ಎಳೆದಿದ್ದ. ಯಂತ್ರ ಹನ್ನೊಂದಕ್ಕೆ ಮೂಲೆ ಸೇರಿತು. ಮತ್ತೊಮ್ಮೆ ಹನ್ನೊಂದು. ಹತ್ತು ಸಲ ಓಡಿಸಿದ, ಹತ್ತೂ ಸಲ ಹನ್ನೊಂದು. ಗಂಡ ಸ್ಟೂಲಿನಿಂದ ಎದ್ದು ಬಂದ. "ಹಳೇ ವೈರು ಒಳಗೆ ಕಟ್ ಆಗಿತ್ತಾ?" ಎಂದ. "ಇರ್ಬೇಕು. ನೋಡ್ತೀನಿ," ಎಂದು ತಮ್ಮ ಯಂತ್ರದ ಹಿಂದೆ ತೆವಳಿ ಹೋದ. ಅವಳಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅಂಗಿಯ ಒಂದು ಹೊಲಿಗೆ ಬಿಟ್ಟಿತ್ತು. ಹೋಗುವುದರೊಳಗೆ ಹಾಕಿಕೊಡಬೇಕು ಎಂದುಕೊಂಡಳು. ಆ ಬೆನ್ನು ಇದ್ದಕ್ಕಿದ್ದಂತೆ ಅಲುಗದೆ ನಿಂತಿತು. ಬೆರಳುಗಳು ಗಂಟನ್ನು ಮುಟ್ಟಿದ್ದವೆಂದು ಅವಳಿಗೆ ನೋಡದೆಯೇ ಗೊತ್ತಾಯಿತು. ಎರಡು ಸುತ್ತು, ನಡುವೆ ಒಂದು ಕುಣಿಕೆ, ತುದಿಗಳು ಒಳಗೆ. ಆರು ವರ್ಷ ಅವನ ಪುಸ್ತಕದ ಕಟ್ಟಿಗೆ, ಊಟದ ಡಬ್ಬಿಯ ಬಟ್ಟೆಗೆ ಅವಳು ಹಾಕಿದ್ದು ಇದೇ ಗಂಟು. ಬಿಚ್ಚಲು ಬಾರದೆ ಒಮ್ಮೆ ಶಾಲೆಯಿಂದ ಡಬ್ಬಿಯನ್ನು ಹಾಗೇ ತಂದು, ಹಸಿವಿನಿಂದ ಅಳುತ್ತ ಅವಳ ಮುಂದೆ ಹಿಡಿದಿದ್ದ. ಆಗ ಹೇಳಿಕೊಟ್ಟಿದ್ದಳು, ಯಾವ ತುದಿ ಎಳೆಯಬೇಕೆಂದು. ಪ್ರಪಂಚದಲ್ಲಿ ಅದನ್ನು ಬಿಚ್ಚಲು ಬರುತ್ತಿದ್ದುದು ಅವರಿಬ್ಬರಿಗೇ.

ಅವನು ತಿರುಗಿ ನೋಡಿದ. ನೋಡಿದ್ದು ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ನಿಂತಲ್ಲೇ ಹೇಳಿಬಿಡುತ್ತಿದ್ದಳೇನೋ.

"ಸಿಕ್ತು ಭಾವ," ಎಂದ ತಮ್ಮ, ಮತ್ತೆ ಗೋಡೆಯ ಕಡೆ ತಿರುಗಿ. "ಸೆನ್ಸರ್ ವೈರು ಮೋಟರಿನ ವೈರುಗಳ ಜೊತೆ ಸೇರ್ಕೊಂಡಿದೆ. ಅವು ಓಡುವಾಗ ಪಕ್ಕದ್ದಕ್ಕೆ ಕರೆಂಟಿನ ಗದ್ದಲ ದಾಟತ್ತೆ, ಕಂಪ್ಯೂಟರು ಅದನ್ನೇ ಸೆನ್ಸರ್ ಕೂಗಿದ್ದು ಅಂದ್ಕೊಳತ್ತೆ. ಇದನ್ನ ಬೇರೆಯಾಗೇ ಒಯ್ಯಬೇಕು."

"ಸೇರಿಸಿ ಕಟ್ಟಿದ್ದು ಯಾರು?"

"ನಾನೇ." ಅವನ ಬೆರಳುಗಳು ಆಗಲೇ ಗಂಟು ಬಿಚ್ಚತೊಡಗಿದ್ದವು. "ಇಲ್ಲಿ ಜೋಡಿಸೋವಾಗ ಅವಸರದಲ್ಲಿ ಕಟ್ಟಿಬಿಟ್ಟಿರ್ಬೇಕು. ತಪ್ಪಾಯ್ತು ಭಾವ."

"ಎರಡು ತಿಂಗಳು ಸುಮ್ನಿತ್ತಲ್ಲ?"

"ಮೇಲಿನ ಪ್ಲಾಸ್ಟಿಕ್ ಬಿಸಿಯಾಗಿ ಆಗಿ... ನಿಧಾನಕ್ಕೆ ಶುರುವಾಗತ್ತೆ."

ಅದು ಸುಳ್ಳೆಂದು ಅವಳಿಗೂ ಗೊತ್ತಾಗುವಂತಿತ್ತು. ಆದರೆ ಗಂಡ ನಂಬಿದ. ಮೂರು ದಿನದಿಂದ ಅವನಿಗೆ ಬೇಕಾಗಿದ್ದುದು ಇದೇ, ಒಂದು ತಪ್ಪು ಮತ್ತು ಅದರ ಪಕ್ಕದಲ್ಲಿ ನಿಲ್ಲಲು ಒಬ್ಬ ಮನುಷ್ಯ. ಅವನ ಮುಖ ಬಿಚ್ಚಿಕೊಂಡಿತು. ತಮ್ಮನ ಬೆನ್ನು ತಟ್ಟಿದ. "ಹೋಗ್ಲಿ ಬಿಡಯ್ಯ. ಎಲ್ರೂ ಮಾಡ್ತಾರೆ ತಪ್ಪು. ಆರು ವರ್ಷ ಓಡಿಸಿದವನು ಇಷ್ಟು ಗೊತ್ತಿಲ್ದೆ ಕಟ್ಟೋದಾ ಅಂತ ಅಷ್ಟೆ. ಇನ್ನೊಂದ್ಸಲ ನೋಡ್ಕೊಂಡು ಮಾಡು. ನಿಮ್ಮ ಯಜಮಾನರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ಯಂತ್ರದ್ದೇನೂ ತಪ್ಪಿಲ್ಲ, ನಮ್ಮವನೇ ವೈರು ಕಟ್ಟೋದ್ರಲ್ಲಿ ಎಡವಟ್ಟು ಮಾಡಿದ್ದ ಅಂತ. ಪಾಪ, ಅವರೂ ಯೋಚನೆ ಮಾಡ್ತಿರ್ತಾರೆ."

"ಹೇಳಿ ಭಾವ," ಎಂದ ತಮ್ಮ. ಅವನ ದನಿ ಸರಿಯಾಗಿಯೇ ಇತ್ತು. ಕೈಯಲ್ಲಿದ್ದ ಕಪ್ಪು ಪಟ್ಟಿಯನ್ನು ಮಾತ್ರ ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಸ್ಕ್ರೂಗಳ ಕಾಗದದ ಮೇಲೆ ಅದಕ್ಕೆ ಜಾಗವಿರಲಿಲ್ಲ.

ಹನ್ನೆರಡು ಗಂಟು ಬಿಚ್ಚಿ, ಕರೆಂಟಿನ ಪೆಟ್ಟಿಗೆಯ ಹಿಂದಿನ ಆರರೊಳಗಿಂದ ಬೂದು ವೈರನ್ನು ಹಾಗೇ ಎಳೆದು ತೆಗೆದು, ಮತ್ತೆ ಕೊಕ್ಕೆಗಳ ಮೇಲೆ ಗಾಳಿಗೆ ಏರಿಸಿದರು. ಯಂತ್ರ ಮೂಲೆಗೆ ಹೋಗಿ ಬಂತು. ಹಾಳಾದ ಇಪ್ಪತ್ಮೂರನೆಯ ಹಲಗೆಯನ್ನು ಗಂಡ ಗೋಡೆಯಿಂದ ತಿರುಗಿಸಿ ತಂದು, ಅದರ ಬೆನ್ನಿಗೆ ಒಂದು ಬಳ್ಳಿ ಕೊರೆದು ನೋಡೋಣ ಎಂದ. ಕೊರೆಯುವ ಮೋಟರು ಶುರುವಾಯಿತು, ಹುಡಿ ಎಳೆಯುವ ಫ್ಯಾನು ಶುರುವಾಯಿತು, ಶೆಡ್ಡಿನ ತಗಡು ನಡುಗತೊಡಗಿತು. ಆ ಗದ್ದಲದ ನಡುವೆ ನಿಂತು ಅವಳು ಹೇಳಿದಳು: "ಅದನ್ನ ಕಟ್ಟಿದ್ದು ನಾನು." ಪೂರ್ತಿ ಹೇಳಿದಳು, ತುಟಿ ಬಿಚ್ಚಿ, ಗಂಡನ ಮುಖ ನೋಡುತ್ತಲೇ. ಗಂಡ ನಕ್ಕು ತಲೆಯಾಡಿಸಿದ, ಬಳ್ಳಿ ಚೆನ್ನಾಗಿ ಬರುತ್ತಿದೆ ಎಂದು ಅವಳು ಹೇಳಿದಳೆಂಬಂತೆ. ತಮ್ಮ ಹಲಗೆಯನ್ನೇ ನೋಡುತ್ತಿದ್ದ. ಮೈಯಿಂದ ಏನೋ ಇಳಿದಂತಾಯಿತು. ಹೇಳಿಯಾಯಿತಲ್ಲ. ಕೇಳಿಸದಿದ್ದರೆ ಅದಕ್ಕೆ ತಾನೇನು ಮಾಡುವುದು? ಒಲೆಯನ್ನು ಒರೆಸಿದಾಗಲೂ ಹೀಗೇ ಹಗುರವಾಗಿತ್ತು, ಆ ಹಗುರ ಅವಳಿಗೆ ನೆನಪಿತ್ತು. ಅಷ್ಟರಲ್ಲಿ ಗಂಡ ಫೋನು ತೆಗೆದು, ಒಂದು ಕಿವಿಗೆ ಬೆರಳಿಟ್ಟುಕೊಂಡು, ಹೊರಬಾಗಿಲ ಕಡೆ ನಡೆಯತೊಡಗಿದ. ತಮ್ಮ ಅದನ್ನು ನೋಡಿದ. ನೋಡಿ ಹಲಗೆಯ ಮೇಲಿನ ಹುಡಿಯನ್ನು ಅಂಗೈಯಿಂದ ಸವರಿದ, ಬೇಕಿಲ್ಲದಿದ್ದರೂ ಮತ್ತೊಮ್ಮೆ ಸವರಿದ. ಅಪ್ಪ "ಅವನನ್ನ ಕೇಳಿ" ಎಂದಾಗ ಎದ್ದು ಹೋಗುತ್ತಿದ್ದ ಹುಡುಗನ ಹೆಗಲು ಅದೇ ಆಗಿತ್ತು.

ಎರಡು ತಿಂಗಳು ಉಸಿರು ಹಿಡಿದು ಸುತ್ತಲೂ ಒರೆಸಿದ್ದ ಕೆಂಪು ಗುಂಡಿಯನ್ನು ಅವಳು ಅಂಗೈಯಿಂದ ಒತ್ತಿದಳು.

ಎಲ್ಲ ಒಟ್ಟಿಗೆ ನಿಂತುಹೋಯಿತು. ಬಳ್ಳಿಯ ಒಂದು ಎಲೆ ಅರ್ಧಕ್ಕೇ ಉಳಿಯಿತು. ಅತ್ತೆಯ ತಟ್ಟೆಗೆ ಬಟಾಣಿ ಬೀಳುವ ಸದ್ದು ಕೇಳಿಸಿತು. ಗಂಡ ಓಡಿಬಂದ. "ಅಯ್ಯೋ, ಏನಾಯ್ತೇ? ಕೈ ಸಿಕ್ತಾ? ತೋರ್ಸು!"

"ಕೈಗೇನೂ ಆಗಿಲ್ಲ," ಎಂದಳು. ಅವನು ಹಿಡಿದುಕೊಂಡ ಕೈಯನ್ನು ಬಿಡಿಸಿಕೊಳ್ಳಲಿಲ್ಲ. "ಆ ವೈರು ಕಟ್ಟಿದ್ದು ನಾನು ರೀ. ಭಾನುವಾರ. ತಲೆಗೆ ತಾಗ್ತಿತ್ತು, ನೋಡೋಕೂ ಅಸಹ್ಯ ಇತ್ತು, ಅದಕ್ಕೆ ಸೇರಿಸಿ ಕಟ್ಟಿದೆ. ಪುಟ್ಟಿಯ ಕೊಡೆ ಬಟ್ಟೇಲಿ. ಹದಿನೆಂಟು ಗಂಟು. ಅವನು ಹನ್ನೆರಡು ಬಿಚ್ಚಿದಾನೆ, ಇನ್ನೂ ಆರು ಆ ಕರೆಂಟಿನ ಪೆಟ್ಟಿಗೆ ಹಿಂದುಗಡೆ ಇದೆ. ಬೇಕಾದ್ರೆ ನೋಡಿ. ಅವನು ಕಟ್ಟಿದ್ದಲ್ಲ."

ಗಂಡನ ಕೈಯಲ್ಲಿದ್ದ ಫೋನಿನಿಂದ "ಹಲೋ, ಹಲೋ, ಹೇಳಿ" ಎಂದು ಯಾರೋ ಕೂಗುತ್ತಿದ್ದರು. ಅವನು ಅದನ್ನು ಕಿವಿಗಿಟ್ಟ. "ಹಾಂ ಸಾರ್. ಇಲ್ಲ ಸಾರ್, ಏನಿಲ್ಲ. ಯಂತ್ರ ಸರಿಯಾಯ್ತು. ನಿಮ್ಮ ಹುಡುಗ ಬಂದು ಕಂಡುಹಿಡಿದ, ಒಂದೇ ಗಂಟೇಲಿ. ಅಲ್ಲ ಸಾರ್, ಅವನು ಜೋಡಿಸಿದ್ದು ಸರೀನೇ ಇತ್ತು." ಅವನ ಕಣ್ಣು ಅವಳ ಮೇಲಿತ್ತು. "ತಪ್ಪು ನಮ್ಮನೇದೇ. ಹೌದು. ಅವನ ಕೈ ಒಳ್ಳೇ ಕೈ ಸಾರ್. ಇಡ್ತೀನಿ." ಫೋನನ್ನು ಜೇಬಿಗೆ ಹಾಕಿದ ಮೇಲೂ ಅವನು ಅವಳನ್ನೇ ನೋಡುತ್ತಿದ್ದ. ಬೈಯುತ್ತಾನೆಂದು ಕಾದಳು. ಅವನು ಮೆಲ್ಲಗೆ ಕೇಳಿದ್ದು ಇಷ್ಟೇ: "ಮೂರು ದಿನದಿಂದ ನೋಡ್ತಾ ಇದ್ಯಾ?"

"ಹೂಂ," ಎಂದಳು.

ಅವನು ಹೆಬ್ಬೆರಳಿನ ಊತವನ್ನು ಒಮ್ಮೆ ನೋಡಿಕೊಂಡು, ಸ್ಟೂಲಿನ ಮೇಲೆ ಕೂತು, ಲಾರಿಯವನ ನಂಬರು ಹುಡುಕತೊಡಗಿದ. ಸಿಟ್ಟು ಈಗಲ್ಲ, ಊಟಕ್ಕೆ ಕೂತಾಗ ಬರುತ್ತದೆ, ಅಥವಾ ಇನ್ನೊಂದು ವಾರ ಬಿಟ್ಟು ಯಾವುದೋ ಬೇರೆ ಮಾತಿನಲ್ಲಿ. ಬರಲಿ ಎಂದುಕೊಂಡಳು.

"ನಾನು ಹೇಳ್ತಾನೇ ಇದ್ದೆ," ಎಂದರು ಅತ್ತೆ ಬಾಗಿಲಿಂದ. "ಮರದ ಕೆಲಸದವನ ಶೆಡ್ಡು ಇಷ್ಟು ಚೊಕ್ಕಟ ಇರ್ಬಾರ್ದು ಅಂತ. ಆ ಕೊಡೆ ಇನ್ನೂ ಒಂದು ಮಳೆಗಾಲ ಬರ್ತಿತ್ತು."

ತಮ್ಮ ಪೆಟ್ಟಿಗೆಯ ಹಿಂದೆ ಕೂತು ಉಳಿದ ಆರು ಗಂಟುಗಳನ್ನು ಬಿಚ್ಚುತ್ತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು. ಅವನು ಮೂರು ಬಿಚ್ಚಿದ, ಅವಳು ಮೂರು. ಪಟ್ಟಿಗಳನ್ನು ಅವಳ ಮಡಿಲಿಗೆ ಹಾಕುತ್ತ ಅವನು ತಲೆ ಎತ್ತದೆ ನಕ್ಕ. "ನೀನು ಎತ್ತಿಟ್ಟಿದ್ದು ಯಾವಾಗ್ಲೂ ಎರಡು ದಿನ ಬಿಟ್ಟು ಸಿಗೋದು ಅಕ್ಕಾ. ಈ ಸಲ ಒಂದು ದಿನ ಜಾಸ್ತಿ ತಗೊಂಡೆ."

ಎರಡು ದಿನ ಎಂದು ಅವನಿಗೆ ಹೇಳಿದವರು ಯಾರು? ಹಾಲ್ ಟಿಕೆಟ್ ಸಿಕ್ಕಿದ ಆ ಪುಸ್ತಕಕ್ಕೆ ಅವಳು ಮತ್ತೆ ಹೊದಿಕೆ ಹಾಕಿದಾಗ ಅವನು ಮಲಗಿದ್ದ, ಅಥವಾ ಮಲಗಿದ್ದಾನೆಂದು ಅವಳು ಅಂದುಕೊಂಡಿದ್ದಳು. ಅವಳು ಅವನ ಮುಖ ನೋಡಿದಳು. ಅವನು ಒಂದು ಸ್ಕ್ರೂವನ್ನು ಕಾಗದದಿಂದ ಎತ್ತಿ, ಪಕ್ಕದಲ್ಲಿ ಬರೆದದ್ದನ್ನು ಓದಿ, ಅದರ ಜಾಗಕ್ಕೆ ಹಾಕುತ್ತಿದ್ದ. ಬಾಯಿ ತೆರೆದಳು. "ಲೋ, ಆ ಭೂಗೋಳದ ಪುಸ್ತಕ..."

"ಮೊದಲು ಕಾಫಿ ಕೊಡು," ಎಂದ ತಮ್ಮ. "ಈಗ ಕುಡೀತೀನಿ."

"ಒತ್ತಿದವಳೇ ಎತ್ತಬೇಕು," ಎಂದು ಗಂಡ ಸ್ಟೂಲಿನಿಂದ ಹೇಳಿದ. "ಆ ಕೆಂಪು ಗುಂಡಿ ತಿರುಗಿಸು. ಅದಕ್ಕೀಗ ತಾನೆಲ್ಲಿದೀನಿ ಅನ್ನೋದೇ ಮರೆತುಹೋಗಿರತ್ತೆ, ಮತ್ತೆ ಮೂಲೆಗೆ ಕಳಿಸು." ಅವಳು ಎದ್ದು ಗುಂಡಿ ತಿರುಗಿಸಿದಳು, ಅದು ಟಕ್ಕೆಂದು ಮೇಲೆ ಬಂತು. ಗಂಡ ತೋರಿಸಿದ ಇನ್ನೊಂದು ಗುಂಡಿ ಒತ್ತಿದಳು. ತೊಲೆ ಒಮ್ಮೆ ಜಗ್ಗಿ, ಹಿಂದಕ್ಕೆ ಸರಿಯತೊಡಗಿತು. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ನಾಲ್ಕರ ಹೊತ್ತಿಗೆ ಇನ್ನೊಂದು ದನಿ ಕೇಳಿಸಿತು. ಅತ್ತೆ ಬಟಾಣಿಯ ತಟ್ಟೆಯಿಂದ ಕಣ್ಣೆತ್ತದೆ, ಸಣ್ಣಗೆ, ರೂಢಿಯಾದವರ ಹಾಗೆ ಎಣಿಸುತ್ತಿದ್ದರು: "ಐದು, ಆರು, ಏಳು." ಅವಳು ಅವರ ಕಡೆ ತಿರುಗಿದಳು. ಅವರು ತಿರುಗಲಿಲ್ಲ. "ಎಂಟು," ಎಂದರು, "ಒಂಬತ್ತು." ಸೆರಗಿನಲ್ಲಿ ಹಿಡಿದುಕೊಂಡಿದ್ದ ಕಪ್ಪು ಪಟ್ಟಿಗಳು ಜಾರಿ ಹುಡಿಯ ಮೇಲೆ ಚೆಲ್ಲಾಡಿ ಬಿದ್ದವು. ಅವಳು ಅವನ್ನು ಎತ್ತಿಡಲಿಲ್ಲ. ಹತ್ತರವರೆಗೂ, ಹನ್ನೊಂದರವರೆಗೂ, ಕೆಂಪು ದೀಪ ಹತ್ತಿದ ಮೇಲೂ ಹಾಗೇ ಬಿಟ್ಟಳು.